ಅಮೆರಿಕದ ನೌಕಾಪಡೆಯ ಇತಿಹಾಸದಲ್ಲಿ ಮರೆಯಲಾಗದ ಘಟನೆ ಯಾವುದು?

ಪರ್ಲ್ ಹಾರ್ಬರ್, ಮಿಡ್‌ವೇ ಎಲ್ಲರಿಗೂ ಗೊತ್ತು. ನನ್ನನ್ನು ಕೇಳಿದರೆ ಎರಡನೇ ಮಹಾಯುದ್ಧದ ವೇಳೆ, 1944ರ ಅಕ್ಟೋಬರ್ 25ರಂದು ಫಿಲಿಪೀನ್ಸ್‌ನ ಸಮರ್ ದ್ವೀಪದ ಬಳಿ ನಡೆದ ಕದನ ಎನ್ನುತ್ತೇನೆ.

ಲೇಟೆ ದ್ವೀಪದಲ್ಲಿ ಇಳಿದಿದ್ದ ಅಮೆರಿಕದ ಸೇನೆಯ ಮೇಲೆರಗಲು ಜಪಾನಿನ ನಾಲ್ಕು ಬೃಹತ್ ಯುದ್ಧನೌಕೆಗಳು (ಬ್ಯಾಟಲ್‌ಶಿಪ್), ಅವುಗಳಿಗಿಂತ ಚಿಕ್ಕ ಕ್ರೂಸರ್ ಮತ್ತು ಡೆಸ್ಟ್ರಾಯರ್ ನೌಕೆಗಳೊಂದಿಗೆ, ಬೆಳಗಿನ ಹೊತ್ತಿಗೆ ಬಂದವು. ಆ ನಾಲ್ಕರಲ್ಲಿ ಒಂದು ದೈತ್ಯ ಯಮಾಟೊ. ಎದುರಿಗಿದ್ದದ್ದು ಆರು ಸಣ್ಣ ವಿಮಾನವಾಹಕಗಳು, ಅವುಗಳ ಕಾವಲಿಗೆ ಏಳು ಪುಟ್ಟ ಹಡಗುಗಳು, ಅಷ್ಟೆ.

ಆ ಏಳರಲ್ಲಿ ಒಂದಾದ ಜಾನ್‌ಸ್ಟನ್‌ನ ಕಮಾಂಡರ್ ಅರ್ನೆಸ್ಟ್ ಇವಾನ್ಸ್ ಆದೇಶಕ್ಕೂ ಕಾಯದೆ ಶತ್ರುವಿನತ್ತ ಹಡಗು ತಿರುಗಿಸಿದರು. ತಮ್ಮಲ್ಲಿದ್ದ ಹತ್ತೂ ಟಾರ್ಪೆಡೊಗಳನ್ನು (ನೀರಿನಡಿ ಸಾಗಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ) ಬಿಟ್ಟರು. ಕುಮಾನೊ ಎಂಬ ಕ್ರೂಸರ್‌ನ ಮೂತಿ ಒಡೆದುಹೋಯಿತು. ಮರುಕ್ಷಣವೇ ಜಾನ್‌ಸ್ಟನ್ ಮೇಲೆ ಭಾರೀ ಗುಂಡುಗಳು ಬಿದ್ದವು. ಇವಾನ್ಸ್ ಎಡಗೈಯ ಎರಡು ಬೆರಳು ಕಳೆದುಕೊಂಡರು. ಆದರೂ ಹಿಂದೆ ಸರಿಯಲಿಲ್ಲ. ಹಡಗಿನ ಹಿಂತುದಿಗೆ ಹೋಗಿ ನಿಂತು, ಕಿಂಡಿಯೊಳಗೆ ಬಗ್ಗಿ ಕೂಗಿ ಕೂಗಿ ದಿಕ್ಕು ಹೇಳುತ್ತಿದ್ದರು. ಕೆಳಗೆ ನಾವಿಕರು ಚುಕ್ಕಾಣಿಯನ್ನು ಕೈಬಲದಿಂದಲೇ ತಿರುಗಿಸುತ್ತಿದ್ದರು. ಈ ದೃಶ್ಯ ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಕೊನೆಗೆ ಜಾನ್‌ಸ್ಟನ್ ಮುಳುಗಿತು. 327 ಜನರಲ್ಲಿ 186 ಮಂದಿ ಸತ್ತರು, ಇವಾನ್ಸ್ ಕೂಡ. ಆದರೆ ಈ ಪುಟ್ಟ ಹಡಗುಗಳ ಮತ್ತು ವಿಮಾನಗಳ ಎಡೆಬಿಡದ ದಾಳಿಯಿಂದ ಗೊಂದಲಗೊಂಡ ಜಪಾನಿನ ಅಡ್ಮಿರಲ್ ಕುರಿಟಾ ಪಡೆಯನ್ನು ಹಿಂತಿರುಗಿಸಿಬಿಟ್ಟ. ಇವಾನ್ಸ್‌ಗೆ ಮರಣೋತ್ತರವಾಗಿ ಅಮೆರಿಕದ ಅತ್ಯುನ್ನತ ಸೇನಾ ಗೌರವವಾದ ಮೆಡಲ್ ಆಫ್ ಆನರ್ ಸಂದಿತು.

2021ರಲ್ಲಿ ಮುಳುಗುನೌಕೆಯೊಂದು ಆರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ಜಾನ್‌ಸ್ಟನ್‌ನ ಅವಶೇಷಗಳ ಚಿತ್ರ ತೆಗೆಯಿತು. ಮೂತಿಯ ಮೇಲೆ 557 ಎಂಬ ಅದರ ಸಂಖ್ಯೆ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು.