ಗೈಡ್ ಎಚ್-ಇಂಡೆಕ್ಸ್ ಗೂಗಲ್ ಸ್ಕಾಲರ್‌ನಲ್ಲಿ 24, ಸ್ಕೋಪಸ್‌ನಲ್ಲಿ 15. ಯಾವುದನ್ನು ನಂಬಬೇಕು?

ಕಲಬುರಗಿಯಲ್ಲಿ ಕೆಮಿಸ್ಟ್ರಿ ಪಿಎಚ್‌ಡಿಗೆ ಸೇರುವ ವಿಚಾರದಲ್ಲಿದ್ದೀರಿ, ನೋಡಿಟ್ಟ ಗೈಡ್ ಶಿಫ್ ಬೇಸ್ ಕಾಂಪ್ಲೆಕ್ಸ್ (ತಾಮ್ರದಂಥ ಲೋಹಕ್ಕೆ ಸಾವಯವ ಅಣು ಕೂಡಿದ ಸಂಯುಕ್ತ) ಮೇಲೆ ಕೆಲಸ ಮಾಡ್ತಾರೆ, ಅವರ ಎಚ್-ಇಂಡೆಕ್ಸ್ ಎರಡು ಡೇಟಾಬೇಸ್‌ಗಳಲ್ಲಿ ಎರಡು ಥರ ಇದೆ. ಎಚ್-ಇಂಡೆಕ್ಸ್ 15 ಅಂದರೆ ಅವರ 15 ಪೇಪರ್‌ಗಳಿಗೆ ತಲಾ ಕನಿಷ್ಠ 15 ಸೈಟೇಶನ್, ಅಂದರೆ ಬೇರೆ ಪೇಪರ್‌ಗಳಲ್ಲಿ ಉಲ್ಲೇಖ, ಬಂದಿದೆ ಅಂತ. ಇಷ್ಟರಿಂದಲೇ ಮೋಸ ಅಂದುಕೊಳ್ಳಬೇಡ್ರಿ. ಸ್ಕಾಲರ್ ಥೀಸಿಸ್, ಪ್ರಿಪ್ರಿಂಟ್ (ಜರ್ನಲ್ಲಿನಲ್ಲಿ ಬರುವ ಮುಂಚೆ ಹಂಚಿದ ಕರಡು), ವೆಬ್‌ಸೈಟಿಗೆ ಏರಿಸಿದ ಪಿಡಿಎಫ್ ಎಲ್ಲದರಿಂದ ಬಂದ ಸೈಟೇಶನ್ ಎಣಿಸುತ್ತದೆ. ಸ್ಕೋಪಸ್ ತಾನು ಆಯ್ದುಕೊಂಡ ಜರ್ನಲ್, ಪುಸ್ತಕ ಮತ್ತು ಸಮ್ಮೇಳನದ ಪ್ರಬಂಧಗಳನ್ನಷ್ಟೇ ನೋಡುತ್ತದೆ. ಹಾಗಾಗಿ ಸ್ಕಾಲರ್ ಅಂಕಿ ಸಾಮಾನ್ಯವಾಗಿ ಜಾಸ್ತಿಯೇ.

ಆದರೂ 24ಕ್ಕೂ 15ಕ್ಕೂ ಅಂತರ ದೊಡ್ಡದು. ನನಗೆ ಮೊದಲು ಅನುಮಾನ ಬರೋದು ಹೆಸರಿನ ಮೇಲೆ. ನಮ್ಮ ಭಾಗದಲ್ಲಿ ಪಾಟೀಲ, ಬಿರಾದಾರ, ಕುಲಕರ್ಣಿ ಅಡ್ಡಹೆಸರಿನವರು ಎಷ್ಟು ಮಂದಿ ಇದ್ದಾರೆ ಅಂತ ನಿಮಗೇ ಗೊತ್ತು. ಪ್ರೊಫೈಲ್ ಆಟೋಮ್ಯಾಟಿಕ್ ಅಪ್‌ಡೇಟ್‌ನಲ್ಲಿ ಬಿಟ್ಟರೆ ಅದೇ ಇನಿಶಿಯಲ್ ಇರುವ ಬೇರೆಯವರ ಪೇಪರ್ ತಾನಾಗೇ ಬಂದು ಸೇರಿಕೊಳ್ಳುತ್ತದೆ. ಪಟ್ಟಿಯನ್ನು ಕೊನೆಯವರೆಗೂ ಇಳಿಸಿ ನೋಡ್ರಿ. ತಾಮ್ರದ ಕಾಂಪ್ಲೆಕ್ಸ್‌ಗಳ ನಡುವೆ ಕಾಂಕ್ರೀಟ್ ಬಗ್ಗೆಯೋ ಕಣ್ಣಿನ ಶಸ್ತ್ರಚಿಕಿತ್ಸೆ ಬಗ್ಗೆಯೋ ಪೇಪರ್ ಕಂಡರೆ ಅದು ಅವರದಲ್ಲ.

ಸ್ಕೋಪಸ್‌ನಲ್ಲಿ ಇದರ ಉಲ್ಟಾ ಆಗುತ್ತದೆ, ಒಬ್ಬರೇ ಇಬ್ಬರಾಗಿ ಒಡೆದಿರುತ್ತಾರೆ. 2014ರ ನವೆಂಬರ್ 1ಕ್ಕೆ ಊರಿನ ಹೆಸರು ಬದಲಾಯಿತು, ವಿಶ್ವವಿದ್ಯಾಲಯದ ಹೆಸರು ಗುಲ್ಬರ್ಗಾ ಅಂತಲೇ ಉಳಿಯಿತು. ಹಳೆಯ ಪೇಪರ್‌ನಲ್ಲಿ 'ಗುಲ್ಬರ್ಗಾ 585106', ಹೊಸದರಲ್ಲಿ 'ಕಲಬುರಗಿ 585106'. ಕಲಬುರಗಿಯ ಇಂಗ್ಲಿಷ್ ಸ್ಪೆಲಿಂಗ್ ಕೂಡ ಎಲ್ಲರದೂ ಒಂದೇ ಅಲ್ಲ. ಜೊತೆಗೆ ಇನಿಶಿಯಲ್ ಹಿಂದೆ ಮುಂದೆ ಆದರೆ ಒಂದು ಐಡಿಯಲ್ಲಿ ನಲವತ್ತು ಪೇಪರ್, ಇನ್ನೊಂದರಲ್ಲಿ ಆರು ಅಂತ ಹಂಚಿಹೋಗಿರಬಹುದು. ಎರಡೂ ಊರ ಹೆಸರು ಹಾಕಿ ಹುಡುಕ್ರಿ. ಸಿಕ್ಕ ಎರಡು ಎಚ್-ಇಂಡೆಕ್ಸ್‌ಗಳನ್ನು ಕೂಡಿಸಲು ಬರುವುದಿಲ್ಲ, ಪೇಪರ್‌ಗಳನ್ನು ಒಂದೇ ಪಟ್ಟಿ ಮಾಡಿ ಹೊಸದಾಗಿ ಎಣಿಸಬೇಕು. ಗೈಡ್‌ಗೆ 16 ಅಂಕಿಯ ಆರ್ಕಿಡ್ ಐಡಿ (ಸಂಶೋಧಕರಿಗೆ ಒಬ್ಬರಿಗೊಂದರಂತೆ ಇರುವ ಗುರುತಿನ ಸಂಖ್ಯೆ) ಇದ್ದು, ಅದನ್ನು ಅವರು ಅಪ್‌ಡೇಟ್ ಮಾಡ್ತಿದ್ದರೆ ಈ ತಾಪತ್ರಯ ಬಹಳ ಕಮ್ಮಿ.

ಎಣಿಸೋದು ಸುಲಭ. ಸೈಟೇಶನ್ ಹೆಚ್ಚಿನಿಂದ ಕಮ್ಮಿಗೆ ಬರೀರಿ: 41, 22, 15, 9, 6, 5, 4, 1. ಐದನೇ ಪೇಪರ್‌ಗೆ 6 ಇದೆ, ಆರನೆಯದಕ್ಕೆ 5 ಮಾತ್ರ, ಅಲ್ಲಿಗೆ ಎಚ್-ಇಂಡೆಕ್ಸ್ 5. ಈಗ 41 ಬಂದ ಪೇಪರ್ ತೆಗೆದುಬಿಡ್ರಿ. ಒಟ್ಟು ಸೈಟೇಶನ್ 103ರಿಂದ 62ಕ್ಕೆ ಇಳಿಯುತ್ತದೆ, ಎಚ್-ಇಂಡೆಕ್ಸ್ ಮಾತ್ರ 5ರಲ್ಲೇ ನಿಲ್ಲುತ್ತದೆ. ಭೌತವಿಜ್ಞಾನಿ ಹಿರ್ಶ್ 2005ರಲ್ಲಿ ಇದನ್ನು ಸೂಚಿಸಿದಾಗ, ಒಂದೆರಡು ದೊಡ್ಡ ಪೇಪರ್‌ನಿಂದ ಅಂಕಿ ಉಬ್ಬಬಾರದು ಅನ್ನೋದೂ ಅದರ ಒಂದು ಗುಣವಾಗಿತ್ತು. ಆದರೆ ವರ್ಷ ಕಳೆದಂತೆ ಇದು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಕೆಲಸ ನಿಲ್ಲಿಸಿದವರದೂ ಏರುತ್ತಿರುತ್ತದೆ. ಅದಕ್ಕೇ ಸ್ಕಾಲರ್ ಪ್ರೊಫೈಲ್‌ನಲ್ಲಿ ಕೊನೆಯ ಐದು ವರ್ಷದ ಕಾಲಂ ನೋಡ್ರಿ.

ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ತೋರಿಸಿ ಪೇಪರ್ ದೊಡ್ಡದು ಅಂದರೆ ಒಪ್ಪಬೇಡ್ರಿ. ಹಿಂದಿನ ಎರಡು ವರ್ಷದ ಲೇಖನಗಳಿಗೆ ಈ ವರ್ಷ ಬಂದ ಸೈಟೇಶನ್ನಿನ ಸರಾಸರಿ ಅದು. ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ ಜರ್ನಲ್ಲಿನದು 2008ರಲ್ಲಿ 2ರ ಆಸುಪಾಸು ಇತ್ತು, 2009ರಲ್ಲಿ 49.9ಕ್ಕೆ ಹಾರಿತು. ಕಾರಣ ಶೆಲ್‌ಎಕ್ಸ್ ತಂತ್ರಾಂಶದ ಬಗ್ಗೆ ಶೆಲ್ಡ್ರಿಕ್ 2008ರಲ್ಲಿ ಬರೆದ ಒಂದೇ ಲೇಖನ. ಕ್ರಿಸ್ಟಲ್ ಸ್ಟ್ರಕ್ಚರ್ ಬಿಡಿಸಿದವರೆಲ್ಲ ಅದನ್ನೇ ಸೈಟ್ ಮಾಡಿದರು. ಅದೇ ವರ್ಷ ಅಲ್ಲಿ ಬಂದ ಉಳಿದ ಲೇಖನಗಳು ಅದರಿಂದ ಒಂದು ಕೂದಲೆಳೆಯಷ್ಟೂ ದೊಡ್ಡವಾಗಲಿಲ್ಲ.

ಸ್ವಂತ ಪೇಪರ್‌ಗಳನ್ನೇ ಸೈಟ್ ಮಾಡಿಕೊಂಡದ್ದು ಎಷ್ಟು ಅಂತಲೂ ತೆಗೀರಿ. ಲೈಬ್ರರಿಯಲ್ಲಿ ಸ್ಕೋಪಸ್ ಚಂದಾ ಇದ್ದರೆ ಸೆಲ್ಫ್ ಸೈಟೇಶನ್ ಬಿಟ್ಟು ಲೆಕ್ಕ ಹಾಕುವ ಆಯ್ಕೆ ಅಲ್ಲೇ ಇದೆ. ಸ್ವಲ್ಪ ಇದ್ದರೆ ಸಹಜ, ಒಂದೇ ಕಾಂಪೌಂಡ್ ಸರಣಿ ಮುಂದುವರಿಸುವವರು ಹಿಂದಿನದನ್ನು ಹೇಳಲೇಬೇಕು. ಅರ್ಧಕ್ಕರ್ಧ ಅದೇ ಆದರೆ ಯೋಚಿಸಬೇಕಾದದ್ದು. ಮುಖ್ಯ ಪೇಪರ್‌ಗಳ ಡಿಒಐ (ಪೇಪರ್‌ನ ಗುರುತಿನ ಸಂಖ್ಯೆ) ಹಾಕಿ ರಿಟ್ರ್ಯಾಕ್ಷನ್ ವಾಚ್ ಡೇಟಾಬೇಸ್ (ಹಿಂಪಡೆದ ಪೇಪರ್‌ಗಳ ಪಟ್ಟಿ), ಪಬ್‌ಪಿಯರ್ (ಪ್ರಕಟವಾದ ಪೇಪರ್‌ಗಳ ಮೇಲೆ ಟೀಕೆ ಬರೆಯುವ ತಾಣ) ಎರಡರಲ್ಲೂ ನೋಡಿಬಿಡ್ರಿ, ದುಡ್ಡೇನೂ ಬೇಕಿಲ್ಲ.

ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ವಿದ್ಯಾರ್ಥಿಗಳ ಹೆಸರು ಎಲ್ಲಿದೆ ಅನ್ನೋದು. ಯುಜಿಸಿಯ 2018ರ ನಿಯಮದಲ್ಲಿ ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲ ಅಥವಾ ಕರೆಸ್ಪಾಂಡಿಂಗ್ (ಪೇಪರ್ ಪರವಾಗಿ ಜರ್ನಲ್ ಜೊತೆ ಪತ್ರವ್ಯವಹಾರ ಮಾಡುವ) ಲೇಖಕರಿಗೆ ಆ ಪೇಪರ್‌ನ ಅಂಕದ ಶೇ. 70, ಉಳಿದವರಿಗೆ ತಲಾ ಶೇ. 30. ಮುಂದೆ ನೀವು ಅಸೋಸಿಯೇಟ್ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕುವಾಗ ಇದು ಲೆಕ್ಕಕ್ಕೆ ಬರುತ್ತದೆ. ಈಚಿನ ಹತ್ತು ಪೇಪರ್ ತೆಗೆದು ಮೊದಲ ಹೆಸರು ಯಾರದು ಅಂತ ಬರೆದುಕೊಳ್ರಿ. ಆ ಹುಡುಗರಲ್ಲಿ ಒಬ್ಬರಿಗೆ ಫೋನ್ ಮಾಡಿ, ಎನ್‌ಎಂಆರ್ (ಅಣುವಿನ ರಚನೆ ತಿಳಿಯುವ ಪರೀಕ್ಷೆ) ಸ್ಯಾಂಪಲ್ ಎಲ್ಲಿಗೆ ಕಳಿಸ್ತಿದ್ರಿ, ರಿಪೋರ್ಟ್ ಎಷ್ಟು ದಿನಕ್ಕೆ ಬರ್ತಿತ್ತು, ಅದರ ಖರ್ಚು ಯಾರು ಕೊಡ್ತಿದ್ರು ಅಂತ ಕೇಳ್ರಿ.