ಅಸ್ಪಷ್ಟ ಪ್ರಶ್ನೆ ಬಂದಾಗ ಪರಿಣತರು ಏನು ಮಾಡಬೇಕು?

ಬೆಳೆ ಸಲಹೆ ನೀಡುವ ನಿಮ್ಮ ಮೊಬೈಲ್ ಬಳಗಕ್ಕೆ ‘ಬೆಳೆ ಹಳದಿ ಆಗಿದೆ, ಏನು ಹೊಡೆಯಬೇಕು?’ ಎಂಬಂಥ ವಿವರವಿಲ್ಲದ ಪ್ರಶ್ನೆಗಳೇ ಹೆಚ್ಚು ಬರುತ್ತಿವೆ ಎಂದಿದ್ದೀರಿ. ಅಂಥವನ್ನು ಅಳಿಸಿಹಾಕಬೇಕೆಂದು ಕೆಲವು ಪರಿಣತರೂ, ತಿಳಿದಷ್ಟರಲ್ಲಿ ಏನಾದರೊಂದು ಉತ್ತರ ಕೊಟ್ಟುಬಿಡೋಣವೆಂದು ಇನ್ನು ಕೆಲವರೂ ವಾದಿಸುತ್ತಿರುವಾಗ ಯಾವುದು ಸರಿ ಎಂಬುದು ನಿಮ್ಮ ಪ್ರಶ್ನೆ. ದಾವಣಗೆರೆಯಲ್ಲಿದ್ದುಕೊಂಡು ಈ ಜಿಲ್ಲೆಯ ಮತ್ತು ಚಿತ್ರದುರ್ಗ ಜಿಲ್ಲೆಯ ರೈತರಿಗೆ ಬೆಳೆ ಸಲಹೆ ನೀಡುವುದೇ ನನ್ನ ವೃತ್ತಿ. ನನ್ನ ದೃಷ್ಟಿಯಲ್ಲಿ ಎರಡೂ ತಪ್ಪು. ಆದರೆ ಎರಡನೆಯದು ಹೆಚ್ಚು ಅಪಾಯಕಾರಿ.

ನಮ್ಮ ಭಾಗದ ಮುಖ್ಯ ಬೆಳೆಯಾದ ಮೆಕ್ಕೆಜೋಳವನ್ನೇ ತೆಗೆದುಕೊಳ್ಳಿ. ಸಾರಜನಕ ಸಾಲದಿದ್ದಾಗ ಗಿಡವು ಹಳೆಯ ಎಲೆಯಲ್ಲಿರುವುದನ್ನು ಹೊಸ ಎಲೆಗೆ ಸಾಗಿಸಿಕೊಳ್ಳುತ್ತದೆ. ಆದ್ದರಿಂದ ಬುಡದ ಎಲೆಗಳು ತುದಿಯಿಂದ ಶುರುವಾಗಿ ನಡುನರದ ಗುಂಟ ‘ವಿ’ ಆಕಾರದಲ್ಲಿ ಹಳದಿಯಾಗುತ್ತ ಬರುತ್ತವೆ. ಪೊಟ್ಯಾಷ್ ಕೊರತೆಯೂ ಬುಡದ ಎಲೆಯಲ್ಲೇ ಕಾಣಿಸಿಕೊಳ್ಳುತ್ತದೆ, ಆದರೆ ಅಲ್ಲಿ ಸುಟ್ಟಂತಾಗುವುದು ಎಲೆಯ ಅಂಚು. ಸತುವು ಗಿಡದೊಳಗೆ ಅಷ್ಟು ಸುಲಭವಾಗಿ ಸಾಗುವುದಿಲ್ಲವಾದ್ದರಿಂದ ಅದರ ಕೊರತೆ ಹೊಸ ಎಲೆಗಳಲ್ಲಿ, ನಡುನರದ ಎರಡೂ ಬದಿಗೆ ಬಿಳಿಚಿದ ಪಟ್ಟೆಗಳಾಗಿ ಕಾಣುತ್ತದೆ. ಇನ್ನು ಕರಿಮಣ್ಣಿನ ಹೊಲದಲ್ಲಿ ದಿನಗಟ್ಟಲೆ ನೀರು ನಿಂತಿದ್ದರೆ ಬೇರಿಗೆ ಗಾಳಿಯೇ ಸಿಗದೆ ಗಿಡ ಬಣ್ಣಗೆಡುತ್ತದೆ. ಅಂಥ ಹೊಲಕ್ಕೆ ಮೊದಲು ಬೇಕಾದದ್ದು ಬಸಿಗಾಲುವೆ. ಈ ನಾಲ್ಕೂ ರೈತನ ಕಣ್ಣಿಗೆ ‘ಹಳದಿ’ಯೇ. ಏನನ್ನೂ ವಿಚಾರಿಸದೆ ಸತುವಿನ ಸಲ್ಫೇಟ್ ಹೊಡೆಯಿರಿ ಎಂದು ಒಬ್ಬರು, ಯೂರಿಯಾ ಕೊಡಿ ಎಂದು ಇನ್ನೊಬ್ಬರು, ಶಿಲೀಂಧ್ರನಾಶಕ ಹೊಡೆಯಿರಿ ಎಂದು ಮತ್ತೊಬ್ಬರು ಬರೆದರೆ, ಆ ರೈತನ ಔಷಧಿಯ ದುಡ್ಡು, ಕೂಲಿ ಮತ್ತು ಬೆಳೆಯ ಹದ ಮೂರೂ ಹೋಗುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಉತ್ತರಗಳು ಅಲ್ಲೇ ಉಳಿದು, ಬೇರೊಂದು ಮಣ್ಣಿನಲ್ಲಿ ಬೇರೊಂದು ಕಾರಣಕ್ಕೆ ಹಳದಿಯಾದ ಬೆಳೆಯ ರೈತನೂ ಅವನ್ನೇ ನಂಬುತ್ತಾನೆ.

ಹಾಗೆಂದು ಪ್ರಶ್ನೆಯನ್ನು ಅಳಿಸುವುದು ಪರಿಹಾರವಲ್ಲ. ‘ಸಾರ್, ಜೋಳ ಹಳದಿ ಆಗೈತೆ, ಏನ್ ಹೊಡೀಬೇಕು?’ ಎಂದು ಒಬ್ಬ ಹಿರಿಯರು ಕೇಳಿದಾಗ ನಾನು ವಿಚಾರಿಸಿದ್ದು ಇಷ್ಟೇ: ‘ಯಜಮಾನ್ರೇ, ಹಳದಿ ಇರೋದು ಬುಡದ ಎಲೆಗೋ, ಸುಳಿಗೋ? ಹೊಲದಾಗೆ ನೀರು ನಿಂತಿತ್ತಾ?’ ಅವರ ಉತ್ತರ ತಕ್ಷಣ ಬಂತು: ‘ಬುಡದಾಗೆ. ಮಳೆ ಬಿಟ್ಟೇ ಇಲ್ಲ, ಕೆಳಗಿನ ತಾಕು ಪೂರಾ ನೀರು. ಮೇಲಿನ ತಾಕು ಚೆನ್ನಾಗೈತೆ.’ ಒಂದೇ ಬೀಜ, ಒಂದೇ ಗೊಬ್ಬರ, ಒಂದೇ ದಿನದ ಬಿತ್ತನೆ ಎಂದೂ ಅವರೇ ಸೇರಿಸಿದರು. ಯಾವ ಪ್ರಯೋಗಾಲಯವೂ ಕೊಡಲಾರದ ಹೋಲಿಕೆ ಅವರ ಹೊಲದಲ್ಲೇ ಇತ್ತು, ಅದನ್ನು ಅವರು ದಿನವೂ ನೋಡುತ್ತಲೂ ಇದ್ದರು. ಅದು ಹೇಳಬೇಕಾದ ವಿಷಯವೆಂದು ಮಾತ್ರ ಅವರಿಗೆ ಹೊಳೆದಿರಲಿಲ್ಲ. ಅಸ್ಪಷ್ಟ ಪ್ರಶ್ನೆಗಳ ಹಿಂದೆ ಬಹುತೇಕ ಇರುವುದು ಇದೇ. ಹತ್ತಾರು ಸಂಗತಿಗಳಲ್ಲಿ ಯಾವುದು ನಿರ್ಣಾಯಕ ಎಂದು ಗುರುತಿಸುವುದೇ ಪರಿಣತಿಯಾಗಿರುವಾಗ, ಆ ಪರಿಣತಿಯನ್ನು ಪ್ರಶ್ನೆ ಕೇಳುವವನೇ ತರಬೇಕೆಂದು ಅಪೇಕ್ಷಿಸುವುದು ನ್ಯಾಯವಲ್ಲ. ‘ಮೊದಲು ಸರಿಯಾಗಿ ಕೇಳುವುದನ್ನು ಕಲಿಯಿರಿ’ ಎಂಬ ಮಾತನ್ನು ಓದಿದಾಗ ನನಗೆ ನಿಜಕ್ಕೂ ನೋವಾಗುತ್ತದೆ, ಏಕೆಂದರೆ ಆ ಮಾತು ಕೇಳಿಸಿಕೊಂಡವರು ಮತ್ತೆ ಬರುವುದಿಲ್ಲ. ಹತ್ತಿರದ ಗೊಬ್ಬರದ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಯಾವ ಪ್ರಶ್ನೆಗೂ ಒಂದು ಬಾಟಲಿ ಸಿದ್ಧವಾಗಿರುತ್ತದೆ.

ಅಸ್ಪಷ್ಟ ಪ್ರಶ್ನೆಯನ್ನು ತಳ್ಳಿಹಾಕಬಾರದು ಎನ್ನಲು ಇನ್ನೊಂದು ಕಾರಣವೂ ಇದೆ. 2018ರಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳುವನ್ನು ಭಾರತದಲ್ಲಿ ಮೊದಲ ಬಾರಿಗೆ ಮೆಕ್ಕೆಜೋಳದಲ್ಲಿ ಗುರುತಿಸಿದರು. ಅದಕ್ಕೂ ಮುಂಚೆ ಅದನ್ನು ಹೊಲದಲ್ಲಿ ಕಂಡ ರೈತನ ಬಾಯಲ್ಲಿ ‘ಸುಳಿಗೆ ಹುಳ ಬಿದ್ದಿದೆ’ ಎಂಬುದಕ್ಕಿಂತ ಸ್ಪಷ್ಟವಾದ ಮಾತು ಇರಲು ಸಾಧ್ಯವೇ ಇರಲಿಲ್ಲ. ಕಾಂಡಕೊರಕ ಇರಬೇಕೆಂದು ಅಭ್ಯಾಸಬಲದಿಂದ ಉತ್ತರಿಸುವವರಿಗೂ, ಸುಳಿಯಲ್ಲಿ ಮರದ ಹೊಟ್ಟಿನಂತೆ ಹಿಕ್ಕೆ ತುಂಬಿದೆಯೇ, ಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು ಇದೆಯೇ, ಹಿಂಭಾಗದಲ್ಲಿ ನಾಲ್ಕು ಕಪ್ಪು ಚುಕ್ಕೆಗಳು ಚೌಕವಾಗಿ ಕೂತಿವೆಯೇ ಎಂದು ಕೇಳಿ ತಿಳಿಯುವವರಿಗೂ ಇರುವ ಅಂತರ ದೊಡ್ಡದು. ಹೊಸ ಪಿಡುಗು ಬರುವಾಗ ಮೊದಲು ಬರುವುದು ಹೆಸರಿಲ್ಲದ ಪ್ರಶ್ನೆಯಾಗಿಯೇ.

ಆದ್ದರಿಂದ ನಿಮ್ಮ ಬಳಗಕ್ಕೆ ನನ್ನ ಸಲಹೆ ಇದು. ಪ್ರಶ್ನೆಯನ್ನು ಉಳಿಸಿಕೊಳ್ಳಿ, ಉತ್ತರಗಳನ್ನು ತಡೆಹಿಡಿಯಿರಿ. ಅದು ತಿಳಿಯಾಗುವವರೆಗೆ ಯಾರೂ ಔಷಧಿಯ ಹೆಸರು ಬರೆಯಬಾರದೆಂದು ನಿಯಮ ಮಾಡಿ, ಒಬ್ಬರೇ ಒಬ್ಬರು ಆ ರೈತನೊಂದಿಗೆ ಮಾತು ಮುಂದುವರಿಸಲಿ. ಐದು ಜನ ಏಕಕಾಲಕ್ಕೆ ವಿಚಾರಿಸಿದರೆ ಅದು ತನಿಖೆಯಂತೆ ಕಾಣುತ್ತದೆ. ಬೆಳೆಯ ತಳಿ, ಬಿತ್ತನೆ ದಿನಾಂಕ, ಸರ್ವೆ ನಂಬರ್, ಮಣ್ಣು ಪರೀಕ್ಷೆ ಎಂದು ಉದ್ದನೆಯ ಅರ್ಜಿ ನಮೂನೆ ಕಳಿಸುವುದಂತೂ ಬೇಡವೇ ಬೇಡ. ಯಾವ ಪ್ರಶ್ನೆಯ ಉತ್ತರದಿಂದ ನಿಮ್ಮ ಸಲಹೆ ಬದಲಾಗುತ್ತದೆಯೋ ಅದನ್ನಷ್ಟೇ ಕೇಳಿ. ಚಳ್ಳಕೆರೆಯ ಕಡೆಯಿಂದ ‘ಈರುಳ್ಳಿ ಗರಿ ಸುಡ್ತೈತೆ’ ಎಂದು ಬಂದರೆ, ಗರಿಗಳ ಬುಡವನ್ನು ಬಿಡಿಸಿ ನೋಡಿದಾಗ ಸಣ್ಣ ನುಸಿಗಳು ಓಡಾಡುತ್ತವೆಯೇ, ಅಥವಾ ಗರಿಯ ಮೇಲೆ ನೇರಳೆ ಬಣ್ಣದ ಮಚ್ಚೆಗಳಿವೆಯೇ ಎಂಬುದು ಸಾಕು. ಮೊದಲನೆಯದಕ್ಕೆ ಕೀಟನಾಶಕ, ಎರಡನೆಯದಕ್ಕೆ ಶಿಲೀಂಧ್ರನಾಶಕ, ಒಂದರ ಬದಲು ಇನ್ನೊಂದನ್ನು ಹೊಡೆದರೆ ಏನೂ ಪ್ರಯೋಜನವಿಲ್ಲ. ಫೋಟೊ ಕೇಳುವಾಗಲೂ ಅಷ್ಟೇ. ಹೆಚ್ಚಿನವರು ಅತಿ ಕೆಟ್ಟ ಎಲೆಯೊಂದನ್ನು ಕಿತ್ತು ಅಂಗೈಯಲ್ಲಿಟ್ಟು ಕಳಿಸುತ್ತಾರೆ. ಇಡೀ ಹೊಲದ್ದೊಂದು, ಬುಡದಿಂದ ಸುಳಿಯವರೆಗೆ ಒಂದು ಗಿಡದ್ದೊಂದು, ಹತ್ತಿರದಿಂದ ಎಲೆಯದ್ದೊಂದು ಎಂದು ಕೇಳಿದರೆ ಅರ್ಧ ಸಂಶಯ ಅಲ್ಲೇ ಬಗೆಹರಿಯುತ್ತದೆ.

ವಿಷಯ ತಿಳಿಯಾದ ಮೇಲೆ ಪ್ರಶ್ನೆಯ ತಲೆಬರಹವನ್ನು ‘ನೀರು ನಿಂತ ಕರಿಮಣ್ಣಿನಲ್ಲಿ ಮೆಕ್ಕೆಜೋಳದ ಬುಡದ ಎಲೆ ಹಳದಿ’ ಎಂದು ತಿದ್ದಿ, ರೈತನ ಮೂಲ ಮಾತನ್ನು ಕೆಳಗೆ ಹಾಗೆಯೇ ಬಿಡಿ. ಮುಂದಿನವರು ಹುಡುಕುವುದು ಅವನ ಮಾತಿನಲ್ಲೇ.

ಮರುಪ್ರಶ್ನೆಗೆ ಉತ್ತರ ಬಾರದಿದ್ದರೆ ಎಷ್ಟು ಕಾಯಬೇಕು ಎಂಬುದನ್ನು ಬೆಳೆಯೇ ನಿರ್ಧರಿಸುತ್ತದೆ. ಸುಳಿಯಲ್ಲಿ ಹುಳು ಇದೆ ಎಂದರೆ ಅದೇ ದಿನ ಫೋನ್ ಮಾಡಿ; ಪೋಷಕಾಂಶದ ಮಾತಾದರೆ ಕೆಲವು ದಿನ ಬಿಡಬಹುದು. ಆಮೇಲೂ ಬಾರದಿದ್ದರೆ, ಯಾವ ವಿವರ ಸಿಗಲಿಲ್ಲವೆಂದು ಸ್ಪಷ್ಟವಾಗಿ ಬರೆದು, ಅದು ಬಂದ ಕೂಡಲೇ ಮತ್ತೆ ತೆರೆಯುತ್ತೇವೆಂದು ಹೇಳಿ ಮುಚ್ಚಿ.

‘ಯಾವ ಬೆಳೆ ಹಾಕಿದರೆ ಲಾಭ?’ ಎಂಬಂಥವು ಬೇರೆಯೇ ಜಾತಿ. ಅವು ಅಸ್ಪಷ್ಟವಲ್ಲ, ವಿಶಾಲ. ನೀರೆಷ್ಟಿದೆ, ಎಷ್ಟು ವರ್ಷ ಕಾಯಬಲ್ಲಿರಿ ಎಂದು ಕೇಳದೆ ಅಡಿಕೆ, ದಾಳಿಂಬೆ ಎಂದು ಹೆಸರು ಹೇಳುವ ಹಕ್ಕು ಯಾವ ಪರಿಣತನಿಗೂ ಇಲ್ಲ. ಇನ್ನು ಚನ್ನಗಿರಿ ಕಡೆಯ ಅಡಿಕೆ ತೋಟದ ಹಳದಿಯಂತೆ ಬೇರುಹುಳು, ಬಸಿಯದ ನೀರು, ಪೋಷಕಾಂಶದ ಕೊರತೆ ಯಾವುದೂ ಆಗಿರಬಹುದಾದ, ದೂರದಿಂದ ತೀರ್ಮಾನಿಸಲಾಗದ ಸಮಸ್ಯೆಗಳಲ್ಲಿ ಊಹೆಗೆ ಇಳಿಯದೆ, ಬುಡದ ಮಣ್ಣು, ಬೇರು ಮತ್ತು ರೋಗದ ಸೋಗೆಯನ್ನು ಸೇರಿಸಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ಯುವಂತೆ ತಿಳಿಸಿ; ಅಲ್ಲಿ ಏನೆಂದು ಹೇಳಿದರೆಂಬುದನ್ನು ಮರಳಿ ಬಳಗಕ್ಕೆ ಬರೆಯಲು ಕೇಳಿಕೊಳ್ಳಿ.