ಓದುಗರ ಪ್ರಶ್ನೆ: ಪಾಲಿಕೆಯ ಅನುದಾನ ನಿಂತರೆ ಕಲಾಮಂದಿರಗಳ ಗತಿಯೇನು?

ಪ್ರಶ್ನೆ: ನಾವು ಹಲವು ವರ್ಷಗಳಿಂದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನೆಲೆಸಿದ್ದೇವೆ. ಮಗಳು ಇಲ್ಲಿಯೇ ಭರತನಾಟ್ಯ ಕಲಿಯುತ್ತಿದ್ದಾಳೆ. ಅವಳ ಗುರುಗಳು ಪ್ರತಿವರ್ಷ ಕಲಾಕೇಂದ್ರವೊಂದರ ಸಭಾಂಗಣವನ್ನು ಬಾಡಿಗೆಗೆ ಪಡೆದು ಮಕ್ಕಳ ಕಾರ್ಯಕ್ರಮ ನಡೆಸುತ್ತಾರೆ. ಪಾಲಿಕೆಯ ನೆರವು ಇಲ್ಲವಾದುದರಿಂದ ಬಾಡಿಗೆ ಏರಬಹುದೆಂದು ಈ ಸಲ ತಿಳಿಸಿದ್ದಾರೆ. ಇಷ್ಟು ದೊಡ್ಡ ನಗರದ ಪಾಲಿಕೆ ಕಲೆಗೆ ಕೊಡುವ ಹಣವನ್ನು ಪೂರ್ತಿಯಾಗಿ ನಿಲ್ಲಿಸುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆಯೇ?
— ಓದುಗರು, ಬರ್ಮಿಂಗ್‌ಹ್ಯಾಮ್

ಉತ್ತರ: ಅವಕಾಶವಿದೆ, ಸಮಸ್ಯೆಯ ಮೂಲ ಇರುವುದೇ ಅಲ್ಲಿ. ಇಂಗ್ಲೆಂಡಿನ ಸ್ಥಳೀಯ ಆಡಳಿತಗಳ ಕೆಲಸಗಳಲ್ಲಿ ಎರಡು ಬಗೆಯವುಗಳಿವೆ: ಕಾನೂನು ವಿಧಿಸಿರುವ ಕರ್ತವ್ಯಗಳು ಒಂದು ಬಗೆಯಾದರೆ, ಇಚ್ಛೆಯಿದ್ದರೆ ಮಾಡಬಹುದಾದ ಕೆಲಸಗಳು ಇನ್ನೊಂದು ಬಗೆ. ವೃದ್ಧರ ಹಾಗೂ ಅಂಗವಿಕಲರ ಆರೈಕೆ, ಅಪಾಯದಲ್ಲಿರುವ ಮಕ್ಕಳ ರಕ್ಷಣೆ, ಕಸ ವಿಲೇವಾರಿ ಮೊದಲ ಬಗೆಗೆ ಸೇರುತ್ತವೆ. 1964ರ ಕಾಯಿದೆಯ ದೆಸೆಯಿಂದ ಸಾರ್ವಜನಿಕ ಗ್ರಂಥಾಲಯವೂ ಆ ಪಟ್ಟಿಯಲ್ಲಿದೆ. ರಂಗಭೂಮಿ, ಸಂಗೀತ, ನೃತ್ಯಗಳ ವಿಷಯದಲ್ಲಿ ಮಾತ್ರ 1972ರ ಸ್ಥಳೀಯ ಆಡಳಿತ ಕಾಯಿದೆಯ 145ನೇ ವಿಧಿಯು ಪಾಲಿಕೆ ಖರ್ಚು ಮಾಡಬಹುದು ಎನ್ನುತ್ತದೆಯೇ ಹೊರತು ಮಾಡಲೇಬೇಕು ಎನ್ನುವುದಿಲ್ಲ. ಹಣದ ಮುಗ್ಗಟ್ಟು ಬಂದಾಗ ಅಧಿಕಾರಿಗಳ ಕೈ ಮೊದಲು ಚಾಚುವುದು ಈ ಎರಡನೆಯ ಪಟ್ಟಿಯ ಕಡೆಗೆ.

ನಿಮ್ಮ ನಗರದಲ್ಲಿ ನಡೆದದ್ದು ಇದೇ. 2023ರ ಸೆಪ್ಟೆಂಬರ್ 5ರಂದು ಬರ್ಮಿಂಗ್‌ಹ್ಯಾಮ್ ಪಾಲಿಕೆಯು, ಆದಾಯಕ್ಕೂ ವೆಚ್ಚಕ್ಕೂ ಹೊಂದಿಕೆಯಾಗುತ್ತಿಲ್ಲವೆಂದು ಒಪ್ಪಿಕೊಳ್ಳುವ 114ನೇ ವಿಧಿಯ ನೋಟಿಸನ್ನು ಹೊರಡಿಸಿತು. ಸಮಾನ ವೇತನ ಸಿಗದ ಮಹಿಳಾ ನೌಕರರಿಗೆ ಕೊಡಬೇಕಾಗಿದ್ದ ಪರಿಹಾರದ ಹೊರೆ, ಲೆಕ್ಕಪತ್ರಕ್ಕೆಂದು ತಂದ ಹೊಸ ಗಣಕ ವ್ಯವಸ್ಥೆಯ ವೈಫಲ್ಯ ಮತ್ತು ವರ್ಷಗಳಿಂದ ಕುಗ್ಗುತ್ತ ಬಂದಿದ್ದ ಕೇಂದ್ರ ಸರ್ಕಾರದ ನೆರವು, ಈ ಮೂರೂ ಒಟ್ಟಿಗೆ ಬಂದು ಕುತ್ತಿಗೆಗೆ ಬಿದ್ದವು. ಸರ್ಕಾರ ತನ್ನ ಆಯುಕ್ತರನ್ನು ಮೇಲ್ವಿಚಾರಣೆಗೆ ಕಳುಹಿಸಿತು. 2024ರ ಮಾರ್ಚ್‌ನಲ್ಲಿ ಒಪ್ಪಿಗೆಯಾದ ಬಜೆಟ್ಟಿನಲ್ಲಿ ಎರಡು ವರ್ಷಗಳಿಗೆ ಸುಮಾರು 30 ಕೋಟಿ ಪೌಂಡುಗಳ ಕಡಿತವಿತ್ತು. ಅದರಲ್ಲಿ ನಗರದ ಪ್ರಮುಖ ಕಲಾಸಂಸ್ಥೆಗಳ ಅನುದಾನವನ್ನು 2024–25ಕ್ಕೆ ಅರ್ಧಕ್ಕಿಳಿಸಿ, 2025–26ಕ್ಕೆ ಪೂರ್ತಿ ನಿಲ್ಲಿಸುವ ತೀರ್ಮಾನವೂ ಸೇರಿತ್ತು.

ಈ ತೀರ್ಮಾನ ನನ್ನನ್ನು ವಿಶೇಷವಾಗಿ ನೋಯಿಸಿದ್ದಕ್ಕೆ ಕಾರಣವಿದೆ. ಬರ್ಮಿಂಗ್‌ಹ್ಯಾಮ್‌ನ ಸಿಂಫನಿ ವಾದ್ಯವೃಂದವು 1920ರಲ್ಲಿ ಹುಟ್ಟಿದ್ದೇ ನಗರಾಡಳಿತದ ಹಣದಿಂದ. ಮೊದಲ ಮಹಾಯುದ್ಧ ಮುಗಿದು ಇನ್ನೂ ಎರಡು ವರ್ಷವಾಗಿರಲಿಲ್ಲ, ಊರಿನಲ್ಲಿ ಸಂಕಷ್ಟಗಳಿಗೆ ಕೊರತೆಯಿರಲಿಲ್ಲ. ಆದರೂ ತೆರಿಗೆದಾರರ ಹಣದಲ್ಲಿ ಒಂದು ವಾದ್ಯವೃಂದ ಇರತಕ್ಕದ್ದೆಂದು ಅಂದಿನವರು ನಿಶ್ಚಯಿಸಿದರು. ನೂರು ವರ್ಷ ದಾಟಿ ಬಂದ ಆ ಸಂಬಂಧವು ಎರಡು ಬಜೆಟ್ಟುಗಳಲ್ಲಿ ಕಡಿದುಹೋಗುವಂತಾಯಿತು.

ಇನ್ನು ನಿಮ್ಮ ಸಭಾಂಗಣದ ಬಾಡಿಗೆಯ ಮಾತು. ಕಲಾಮಂದಿರಕ್ಕೆ ಬರುವ ಹಣವೆಲ್ಲ ಒಂದೇ ಜಾತಿಯದಲ್ಲ. ರಾಷ್ಟ್ರಮಟ್ಟದ ಕಲಾ ಮಂಡಳಿಯಿಂದಲೋ ದತ್ತಿಸಂಸ್ಥೆಗಳಿಂದಲೋ ಸಿಗುವ ಯೋಜನಾ ಅನುದಾನವನ್ನು ಗೊತ್ತುಮಾಡಿದ ಕೆಲಸಕ್ಕೇ ಬಳಸಬೇಕು: ಒಂದು ಹೊಸ ನಾಟಕ, ಶಾಲೆಗಳಲ್ಲೊಂದು ಶಿಬಿರ, ಹೀಗೆ. ಚಳಿಗಾಲದಲ್ಲಿ ಕಟ್ಟಡವನ್ನು ಬೆಚ್ಚಗಿಡುವುದಕ್ಕೆ, ಲಿಫ್ಟಿನ ದುರಸ್ತಿಗೆ, ಟಿಕೆಟ್ ಕೌಂಟರಿನಲ್ಲಿ ಕೂರುವವರ ಮತ್ತು ರಾತ್ರಿ ಬೀಗ ಹಾಕಿಕೊಂಡು ಹೋಗುವವರ ಸಂಬಳಕ್ಕೆ ಅಂಥ ಹಣ ಒದಗುವುದು ಕಷ್ಟ. ಪಾಲಿಕೆಯ ಅನುದಾನ ಮೊತ್ತದಲ್ಲಿ ಚಿಕ್ಕದಾದರೂ ಈ ದಿನನಿತ್ಯದ ವೆಚ್ಚವನ್ನು ಹೊರುತ್ತಿತ್ತು. ಅದು ಇಲ್ಲವಾದಾಗ ವ್ಯವಸ್ಥಾಪಕರಿಗೆ ಉಳಿಯುವ ದಾರಿಗಳು ಬಾಡಿಗೆ ಏರಿಸುವುದು, ಬಾಗಿಲು ತೆರೆದಿರುವ ದಿನಗಳನ್ನು ಕಡಿಮೆ ಮಾಡುವುದು, ನಷ್ಟದ ಭಯವಿರುವ ಕಾರ್ಯಕ್ರಮಗಳನ್ನು ಕೈಬಿಡುವುದು. ಮೂರರ ಪೆಟ್ಟೂ ಮೊದಲು ತಗಲುವುದು ನಿಮ್ಮ ಮಗಳ ನೃತ್ಯಶಾಲೆಯಂಥ ಸಣ್ಣ ಗುಂಪುಗಳಿಗೆ.

ಪ್ರಶ್ನೆ: ಮಗ ಇಂಗ್ಲೆಂಡಿನಲ್ಲಿರುವುದರಿಂದ ಅಲ್ಲಿನ ಸುದ್ದಿಗಳನ್ನು ಗಮನಿಸುತ್ತಿರುತ್ತೇನೆ. ನಡೆದಾಡಲಾಗದ ವೃದ್ಧರ ಆರೈಕೆಗೇ ಹಣವಿಲ್ಲದಿರುವಾಗ ನಾಟಕಶಾಲೆಗೆ ಕೊಡಬೇಕೆನ್ನುವುದು ನ್ಯಾಯವೇ? ಟಿಕೆಟ್ ಕೊಳ್ಳುವವರೇ ಅದರ ವೆಚ್ಚವನ್ನು ಭರಿಸಲಿ ಎಂದರೆ ತಪ್ಪೇನು?
— ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ವೃದ್ಧರ ಊಟ ಮತ್ತು ವಾದ್ಯವೃಂದ ಇವೆರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾದರೆ ನಾನೂ ಊಟವನ್ನೇ ಆರಿಸುತ್ತೇನೆ. ಆದರೆ ಪಾಲಿಕೆಗಳ ಮುಂದಿರುವ ಆಯ್ಕೆ ನಿಜವಾಗಿ ಆ ರೂಪದ್ದಲ್ಲ. ಸಮಾಜ ಸೇವೆಗೆ ಹೋಗುವ ಮೊತ್ತದ ಎದುರಿಗೆ ಕಲೆಯ ಅನುದಾನವನ್ನಿಟ್ಟರೆ ಅದು ಅನ್ನದ ಹಂಡೆಯ ಮುಂದಿನ ಉಪ್ಪಿನ ಬಟ್ಟಲಿನಂತೆ. ಬಟ್ಟಲನ್ನು ಬರಿದು ಮಾಡಿದ ಮಾತ್ರಕ್ಕೆ ಹಂಡೆ ತುಂಬುವುದಿಲ್ಲ. ಆರೈಕೆಯ ವೆಚ್ಚ ವರ್ಷವರ್ಷವೂ ಏರುತ್ತಿರುವುದರಿಂದ, ಇಂದು ಉಳಿಸಿದ ಹಣ ಮುಂದಿನ ವರ್ಷದ ಕೊರತೆಯಲ್ಲಿ ಗುರುತು ಸಿಗದಂತೆ ಕರಗಿಹೋಗುತ್ತದೆ. ಚದುರಿಹೋದ ತಂಡವನ್ನು ಮತ್ತೆ ಕಟ್ಟಬೇಕಾದರೆ ಆಗ ಉಳಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಹಣ ಬೇಕು.

ಟಿಕೆಟ್ ಕೊಳ್ಳುವವರೇ ಕೊಡಲಿ ಎಂಬ ವಾದದಲ್ಲಿ ಇನ್ನೊಂದು ತೊಡಕಿದೆ. ಹೆಸರಾಂತ ಹಾಸ್ಯಗಾರರ ಕಾರ್ಯಕ್ರಮಕ್ಕೆ ಎಷ್ಟಾದರೂ ಕೊಟ್ಟು ಬರುವವರಿದ್ದಾರೆ. ಆ ಸಂಜೆಗಳಿಗೆ ಅನುದಾನವೇ ಬೇಕಿಲ್ಲ. ಶಾಲೆಯ ಮಕ್ಕಳು ಮೊದಲ ಬಾರಿಗೆ ನಾಟಕ ನೋಡುವ ಬೆಳಗಿನ ಪ್ರದರ್ಶನ, ಮರೆವಿನ ರೋಗವಿರುವವರನ್ನು ಕೂರಿಸಿಕೊಂಡು ಹಾಡಿಸುವ ಮಧ್ಯಾಹ್ನ, ವಲಸೆ ಬಂದ ಸಮುದಾಯಗಳ ನೃತ್ಯ ಸಂಗೀತ, ಇವು ಟಿಕೆಟ್ಟಿನ ಹಣದಿಂದ ನಡೆಯುವಂಥವಲ್ಲ. ಬರ್ಮಿಂಗ್‌ಹ್ಯಾಮ್‌ನ ಕ್ಯಾನನ್ ಹಿಲ್ ಪಾರ್ಕಿನಲ್ಲಿ 1960ರ ದಶಕದಿಂದ ಇರುವ ಮಿಡ್‌ಲ್ಯಾಂಡ್ಸ್ ಕಲಾಕೇಂದ್ರದಲ್ಲಿ ನೆಲೆಯೂರಿ, 1990ರಲ್ಲಿ ಆರಂಭವಾದ ‘ಸಂಪದ್’ ಎಂಬ ಸಂಸ್ಥೆ ದಕ್ಷಿಣ ಏಷ್ಯಾದ ಕಲೆಗಳಿಗಾಗಿ ದುಡಿದಿದೆ. ಕನ್ನಡಿಗರಿಗೆ ಅರ್ಥ ಹೇಳಬೇಕಿಲ್ಲದ ಈ ಹೆಸರಿನ ಸಂಸ್ಥೆ ಇಂಗ್ಲೆಂಡಿನ ಉದ್ಯಾನವೊಂದರೊಳಗೆ ಬೇರುಬಿಟ್ಟದ್ದು ಮಾರುಕಟ್ಟೆಯ ಲೆಕ್ಕಾಚಾರದಿಂದಲ್ಲ. ಸಾರ್ವಜನಿಕ ಹಣದ ಆಸರೆ ಇಲ್ಲದಿದ್ದರೆ ಇಂಥ ಕೆಲಸ ಸಾಗುವುದಿಲ್ಲವೆಂದೇ ನನ್ನ ನಂಬಿಕೆ.

ಪ್ರಶ್ನೆ: ನಾವು ಭಾರತದ ಪಾಸ್‌ಪೋರ್ಟ್ ಹೊಂದಿ, ಕೆಲಸದ ವೀಸಾದ ಮೇಲೆ ಇಂಗ್ಲೆಂಡಿನಲ್ಲಿರುವವರು. ನಮ್ಮ ಊರಿನ ಪಾಲಿಕೆಯೂ ರಂಗಮಂದಿರದ ಅನುದಾನವನ್ನು ಕಡಿಮೆ ಮಾಡುವ ಪ್ರಸ್ತಾಪ ಮುಂದಿಟ್ಟಿದೆ. ಪರದೇಶದವರಾದ ನಮ್ಮ ಮಾತಿಗೆ ಅಲ್ಲಿ ಬೆಲೆಯುಂಟೇ? ಹೇಳಿ ಪ್ರಯೋಜನವುಂಟೇ?
— ಓದುಗರು, ನಾಟಿಂಗ್‌ಹ್ಯಾಮ್‌ಶೈರ್

ಉತ್ತರ: ಎರಡಕ್ಕೂ ಉಂಟೆಂದೇ ಉತ್ತರ. ನಮ್ಮವರಲ್ಲಿ ಅನೇಕರಿಗೆ ತಿಳಿಯದ ಸಂಗತಿಯೆಂದರೆ, ಭಾರತವು ಕಾಮನ್‌ವೆಲ್ತ್ ರಾಷ್ಟ್ರವಾದುದರಿಂದ ಬ್ರಿಟನ್ನಿನಲ್ಲಿ ನೆಲೆಸಲು ಅನುಮತಿ ಪಡೆದ ವಯಸ್ಕ ಭಾರತೀಯ ಪ್ರಜೆಗಳಿಗೆ ಅಲ್ಲಿನ ಚುನಾವಣೆಗಳಲ್ಲಿ ಮತದಾನದ ಹಕ್ಕಿದೆ. ಅದಕ್ಕೆ ಬ್ರಿಟಿಷ್ ಪೌರತ್ವ ಬೇಕಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡಿದ್ದರೆ ಸಾಕು. 2023ರಿಂದ ಇಂಗ್ಲೆಂಡಿನ ಮತಗಟ್ಟೆಗಳಲ್ಲಿ ಭಾವಚಿತ್ರವಿರುವ ಗುರುತಿನ ದಾಖಲೆ ತೋರಿಸಬೇಕಾಗಿದ್ದು, ಭಾರತದ ಪಾಸ್‌ಪೋರ್ಟನ್ನೂ ಅದಕ್ಕೆ ಒಪ್ಪುತ್ತಾರೆ. ಆದ್ದರಿಂದ ನಿಮ್ಮ ವಾರ್ಡಿನ ಸದಸ್ಯರಿಗೆ ನೀವು ಬರೆಯುವ ಪತ್ರ ಒಬ್ಬ ಮತದಾರರ ಪತ್ರವೇ ಆಗಿರುತ್ತದೆ.

ಹೇಳುವುದಕ್ಕೆ ಸಮಯವೂ ಮುಖ್ಯ. ಅಲ್ಲಿನ ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುವುದರಿಂದ ಪಾಲಿಕೆಗಳು ಸಾಮಾನ್ಯವಾಗಿ ಚಳಿಗಾಲದಲ್ಲಿ ಕರಡು ಬಜೆಟ್ ಪ್ರಕಟಿಸಿ, ಸಾರ್ವಜನಿಕರ ಅಭಿಪ್ರಾಯ ಕೇಳಿ, ಫೆಬ್ರವರಿ ಇಲ್ಲವೇ ಮಾರ್ಚ್ ಮೊದಲಲ್ಲಿ ಮತಕ್ಕೆ ಹಾಕುತ್ತವೆ. ಮತಕ್ಕೆ ಹಾಕಿದ ಮೇಲೆ ನಡೆಸುವ ಮೆರವಣಿಗೆಗಿಂತ ಜನವರಿಯಲ್ಲಿ ಬರೆದ ಒಂದು ಪುಟದ ಪತ್ರಕ್ಕೆ ಬೆಲೆ ಹೆಚ್ಚು. ಕಲೆಯ ಹಿರಿಮೆಯನ್ನು ಅದರಲ್ಲಿ ವರ್ಣಿಸುವುದು ಬೇಡ. ನಿಮ್ಮ ಸಂಘವು ಆ ಸಭಾಂಗಣದಲ್ಲಿ ವರ್ಷಕ್ಕೆ ಎಷ್ಟು ಬಾರಿ ಸೇರುತ್ತದೆ, ರಾಜ್ಯೋತ್ಸವಕ್ಕೆ ಎಷ್ಟು ಜನ ಬರುತ್ತಾರೆ, ಎಷ್ಟು ಮಕ್ಕಳು ವೇದಿಕೆ ಹತ್ತುತ್ತಾರೆ, ಬಾಡಿಗೆ ಇಂತಿಷ್ಟು ಏರಿದರೆ ಯಾವ ಕಾರ್ಯಕ್ರಮ ನಿಲ್ಲುತ್ತದೆ ಎಂಬುದನ್ನು ಅಂಕಿಗಳಲ್ಲಿ ಬರೆಯಿರಿ. 2010ರ ಸಮಾನತಾ ಕಾಯಿದೆಯಂತೆ, ತಮ್ಮ ತೀರ್ಮಾನಗಳು ಬೇರೆಬೇರೆ ಜನಾಂಗ, ವಯಸ್ಸಿನವರ ಮೇಲೆ ಬೀರುವ ಪರಿಣಾಮವನ್ನು ಪಾಲಿಕೆಗಳು ಪರಿಗಣಿಸಲೇಬೇಕು. ಆ ಪರಿಗಣನೆಗೆ ನಿಮ್ಮ ಅಂಕಿಗಳೇ ಆಧಾರವಾಗಬಲ್ಲವು.

ಪೂರ್ತಿ ನಿಲ್ಲಿಸುವ ಪ್ರಸ್ತಾಪವೇ ಕೊನೆಯ ಮಾತಾಗಬೇಕಿಲ್ಲ ಎಂಬುದಕ್ಕೆ ನಿದರ್ಶನಗಳಿವೆ. ನ್ಯೂಕಾಸಲ್ ಪಾಲಿಕೆ 2012ರಲ್ಲಿ ಕಲಾಸಂಸ್ಥೆಗಳ ಅನುದಾನವನ್ನು ಸಂಪೂರ್ಣವಾಗಿ ರದ್ದುಪಡಿಸುವ ಪ್ರಸ್ತಾಪ ತಂದಾಗ ಊರಿನವರೂ ಕಲಾವಿದರೂ ಬಲವಾಗಿ ವಿರೋಧಿಸಿದರು. ಕೊನೆಗೆ ಕಡಿತ ಅರ್ಧಕ್ಕೆ ನಿಂತು, ಪ್ರತ್ಯೇಕವಾದ ಸಾಂಸ್ಕೃತಿಕ ನಿಧಿಯೊಂದು ಸ್ಥಾಪನೆಯಾಯಿತು. ಸಫೊಕ್ ಕೌಂಟಿಯಲ್ಲಿಯೂ 2024ರಲ್ಲಿ ಇಂಥದೇ ಪ್ರಸ್ತಾಪಕ್ಕೆ ವಿರೋಧ ಬಂದ ಬಳಿಕ, ಅರ್ಜಿ ಹಾಕಿ ಪಡೆಯಬಹುದಾದ ನಿಧಿಯನ್ನು ಇರಿಸಿದರು. ಅದು ಮೊದಲಿನ ಖಾಯಂ ಅನುದಾನಕ್ಕೆ ಸಮವಲ್ಲ, ನಿಜ. ಆದರೂ ಶೂನ್ಯಕ್ಕಿಂತ ಮೇಲು.

ನಿಮ್ಮ ರಂಗಮಂದಿರದ ಕಟ್ಟಡ ಪಾಲಿಕೆಯದೇ ಆಗಿದ್ದರೆ ಇನ್ನೊಂದನ್ನೂ ಈಗಲೇ ವಿಚಾರಿಸಿಡಿ. 2011ರ ಸ್ಥಳೀಯತಾ ಕಾಯಿದೆಯಡಿ ಊರಿನವರ ಗುಂಪೊಂದು ಅರ್ಜಿ ಸಲ್ಲಿಸಿ, ಅಂಥ ಕಟ್ಟಡವನ್ನು ಸಮುದಾಯಕ್ಕೆ ಬೆಲೆಯುಳ್ಳ ಆಸ್ತಿಯೆಂದು ಪಟ್ಟಿಗೆ ಸೇರಿಸಬಹುದು. ಪಟ್ಟಿಯಲ್ಲಿರುವ ಕಟ್ಟಡವನ್ನು ಮಾರಲು ಹೊರಟರೆ, ಕೊಳ್ಳುವ ಹಣ ಹೊಂದಿಸಿಕೊಳ್ಳಲು ಆ ಊರಿನ ಸಂಘಟನೆಗಳಿಗೆ ಕಾಲಾವಕಾಶ ಕೊಡಬೇಕಾಗುತ್ತದೆ. ಮಾರಾಟದ ಫಲಕ ನೇತು ಹಾಕುವ ಮೊದಲೇ ಈ ಅರ್ಜಿ ಹೋಗಿರಬೇಕು.